ಸಿಟಿ ಕಾಂಪೋಸ್ಟ್ ಜೊತೆ ಬ್ಯಾಟರಿ ವಿಷವೂ ಬಂದರೆ?

ಜಯನಗರದ ಮನೆಯೊಂದರಲ್ಲಿ ಸೆಲ್ಲು ಮುಗಿಯುತ್ತೆ, ತರಕಾರಿ ಸಿಪ್ಪೆಯ ಬಕೆಟ್ಟಿಗೆ ಬೀಳುತ್ತೆ. ಅದು ನಮಗ್ಯಾಕೆ ಅಂತೀರಾ? ಆ ಸಿಪ್ಪೆಯೇ ಸಿಟಿ ಕಾಂಪೋಸ್ಟ್ ಆಗಿ ನಮ್ಮ ಹೊಲಕ್ಕೆ ಬರೋದು. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ 1975ರಲ್ಲಿ ಶುರುವಾಗಿದ್ದೇ ನಗರದ ಕಸವನ್ನು ಗೊಬ್ಬರ ಮಾಡೋದಕ್ಕೆ.

2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿ ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಹಸಿಕಸ, ಕೆಂಪಿಗೆ ಡಯಾಪರ್‌ನಂಥದ್ದು, ಚೀಲಕ್ಕೆ ಒಣಕಸ. ಬ್ಯಾಟರಿ ಈ ಮೂರಕ್ಕೂ ಸೇರಲ್ಲ. 2016ರ ಘನತ್ಯಾಜ್ಯ ನಿಯಮ ಅದನ್ನು ಅಪಾಯಕಾರಿ ಕಸ ಅಂತಲೇ ಗುರುತಿಸಿತ್ತು, ಬೇರೆಯಾಗಿಯೇ ಕೊಡಬೇಕು.

ಎಲ್ಲ ಸೆಲ್ಲೂ ಒಂದೇ ಅಲ್ಲ. ರಿಮೋಟಿನ ಸೆಲ್ಲಿನಲ್ಲಿ ಹೆಚ್ಚಾಗಿ ಇರೋದು ಸತು, ಮ್ಯಾಂಗನೀಸ್. ನನಗೆ ಭಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯದ್ದು. ಹಳೇ ಕಾರ್ಡ್‌ಲೆಸ್ ಫೋನು, ಎಮರ್ಜೆನ್ಸಿ ಲೈಟುಗಳಲ್ಲಿ ಅದು ಇರುತ್ತಿತ್ತು. ಕ್ಯಾಡ್ಮಿಯಂ ಕೊಳೆಯಲ್ಲ, ಕಾಂಪೋಸ್ಟ್ ಗುಡ್ಡೆಯ ಬಿಸಿಗೂ ನಾಶ ಆಗಲ್ಲ. ಹುಳಿ ಮಣ್ಣಿದ್ರೆ ಬೇರು ಇನ್ನೂ ಸಲೀಸಾಗಿ ಹೀರಿ, ಪಾಲಕ್‌ನಂಥ ಸೊಪ್ಪಿನ ಎಲೆಗೆ ಸೇರಿಸುತ್ತೆ. ಗಿಡ ಮಾತ್ರ ಹಸಿರಾಗೇ ಕಾಣುತ್ತೆ. ಆ ಸೊಪ್ಪು ಮತ್ತೆ ಜಯನಗರಕ್ಕೇ ಹೋಗುತ್ತೆ ಅನ್ನಿ!

ಹಾಗಂತ ಸಿಟಿ ಕಾಂಪೋಸ್ಟ್ ತರಲೇಬೇಡಿ ಅಂತಲ್ಲ. ತರೋ ಮೊದಲು ಲ್ಯಾಬ್ ರಿಪೋರ್ಟ್ ವಾಟ್ಸಾಪ್ ಮಾಡೋಕೆ ಹೇಳಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಒಂದು ಕಿಲೋದಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಂ, ನಿಕ್ಕಲ್ 50, ಸೀಸ 100, ಪಾದರಸ 0.15 ಮೀರಬಾರದು. ರಿಪೋರ್ಟು ನಿಮಗೆ ಬರೋ ಬ್ಯಾಚಿನದ್ದೇ ಆಗಿರಲಿ. ಗೊಬ್ಬರದಲ್ಲಿ ಗಾಜು, ಪ್ಲಾಸ್ಟಿಕ್ ಚೂರು ಕಂಡ್ರೆ ಕಸ ಸರಿಯಾಗಿ ಬೇರೆ ಮಾಡಿಲ್ಲ ಅಂತಲೇ ಅರ್ಥ. ನಾನಾದ್ರೆ ಆ ಲೋಡು ಇಳಿಸಿಕೊಳ್ಳಲ್ಲ.

ಇನ್ನು ನಮ್ಮ ಮನೆಯದ್ದು. ಸ್ಪ್ರೇಯರ್, ಟಾರ್ಚು, ಸೋಲಾರ್ ಬೇಲಿ, ಫೋನು, ಎಲ್ಲಕ್ಕೂ ಬ್ಯಾಟರಿ. ಸತ್ತದ್ದನ್ನ ತಿಪ್ಪೆಗೆ ಎಸೀಬೇಡಿ, ಬೆಂಕಿಗಂತೂ ಬೇಡವೇ ಬೇಡ. ಲೆಡ್ ಆಸಿಡ್ ಆದ್ರೆ ಬ್ಯಾಟರಿ ಅಂಗಡಿಯವರೇ ಹಳೆಯದನ್ನ ತಗೊಂಡು ಹೊಸದರ ಬೆಲೆಯಲ್ಲಿ ಕಡಿಮೆ ಮಾಡ್ತಾರೆ. ಲಿಥಿಯಂ ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ ಎತ್ತಿಡಿ. ಊದಿಕೊಂಡಿದ್ರೆ ಚುಚ್ಚಬೇಡಿ, ಒಣ ಮರಳಿನ ಡಬ್ಬದಲ್ಲಿ ಹುಲ್ಲಿನ ಬಣವೆಯಿಂದ ದೂರ ಇಡಿ.

2022ರ ಬ್ಯಾಟರಿ ತ್ಯಾಜ್ಯ ನಿಯಮದಡಿ ಎಲ್ಲ ಬಗೆಯ ಬ್ಯಾಟರಿಯನ್ನೂ ವಾಪಸ್ ಪಡೆದು ಮರುಬಳಕೆಗೆ ಕಳಿಸೋದು ತಯಾರಕರ ಹೊಣೆ. ಹಾಗಾಗಿ ಸ್ಪ್ರೇಯರ್ ಕೊಂಡ ಅಂಗಡಿಯಲ್ಲೇ ಮೊದಲು ಕೇಳಿ. ತರಕಾರಿ ಹಾಕೋಕೆ ಬನಶಂಕರಿ, ಜೆ.ಪಿ. ನಗರದ ಕಡೆ ಹೋಗೋರು ಅಲ್ಲಿನ ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರದಲ್ಲಿ ತಗೋತಾರಾ ಅಂತ ವಿಚಾರಿಸಿ. ಗೇಟಿನ ಮುಂದೆ ಇಟ್ಟು ಬರಬೇಡಿ, ಅಲ್ಲಿರೋರ ಕೈಗೇ ಕೊಡಿ.