ಬಯಲುಸೀಮೆಗೆ ತಡವಾಗಿ ಬಂದ ಜೇನುಪೆಟ್ಟಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಜೇನುಪೆಟ್ಟಿಗೆ ತಡವಾಗಿ ಬಂತು. ಜೇನುಹುಳಕ್ಕೇನೂ ಇಲ್ಲಿ ಬರವಿರಲಿಲ್ಲ. ಬಂಡೆಯ ಚಾಚು, ನೀರಿನ ಟ್ಯಾಂಕು, ದೊಡ್ಡ ಮರದ ಕೊಂಬೆ ಹೆಜ್ಜೇನಿಗೆ ಸಾಕು. ಪೊದೆಗಳಲ್ಲಿ ಅಂಗೈಯಗಲದ ಕೋಲುಜೇನು ಕಟ್ಟುತ್ತದೆ, ಮರದ ಪೊಟರೆಯಲ್ಲಿ ತುಡುವೆ. ಗುಡೇಕೋಟೆಯ ಕರಡಿಗಳಿಗಂತೂ ಇವುಗಳ ವಿಳಾಸ ಚೆನ್ನಾಗಿ ಗೊತ್ತು. ಜನ ಜೇನು ಇಳಿಸುತ್ತಿದ್ದ ಕ್ರಮ ಒರಟು: ಕತ್ತಲಾದ ಮೇಲೆ ಹೊಗೆ ಹಾಕಿ, ಹುಟ್ಟನ್ನು ಇಡಿಯಾಗಿ ಕೊಯ್ದು ಹಿಂಡುವುದು. ತುಪ್ಪದ ಜೊತೆ ಮರಿಹುಳದ ರಸವೂ ಪಾತ್ರೆಗೆ ಬೀಳುತ್ತಿತ್ತು. ಹೆಜ್ಜೇನು, ಕೋಲುಜೇನು ಬಯಲಿನಲ್ಲಿ ಒಂದೇ ಎರಿ ಕಟ್ಟುವ ಜಾತಿಗಳು, ಪೆಟ್ಟಿಗೆಗೆ ಒಗ್ಗುವುದಿಲ್ಲ. ಕತ್ತಲಲ್ಲಿ ಸಾಲಾಗಿ ಎರಿ ಕಟ್ಟುವ ತುಡುವೆ ಒಗ್ಗುತ್ತದೆ.

ಪೆಟ್ಟಿಗೆಯ ಗುಟ್ಟು ಒಂದು ಸಂದಿನಲ್ಲಿದೆ. 1851ರಲ್ಲಿ ಅಮೆರಿಕದ ಪಾದ್ರಿ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಇದನ್ನು ಗುರುತಿಸಿ ಬಳಕೆಗೆ ತಂದ. ಎರಿಗೂ ಎರಿಗೂ, ಎರಿಗೂ ಗೋಡೆಗೂ ನಡುವೆ ಸುಮಾರು 6ರಿಂದ 9 ಮಿ.ಮೀ. ಜಾಗ ಬಿಟ್ಟರೆ ಹುಳಗಳು ಅದನ್ನು ಓಡಾಟದ ದಾರಿಯಾಗಿ ಉಳಿಸಿಕೊಳ್ಳುತ್ತವೆ. ಕಡಿಮೆಯಾದರೆ ಅಂಟು ಮೆತ್ತಿ ಮುಚ್ಚುತ್ತವೆ, ಹೆಚ್ಚಾದರೆ ಅಲ್ಲೂ ಎರಿ ಕಟ್ಟುತ್ತವೆ. ಈ ಲೆಕ್ಕ ಸಿಕ್ಕಿದ್ದರಿಂದಲೇ ಚೌಕಟ್ಟನ್ನು ಎರಿಸಮೇತ ಎತ್ತಿ, ನೋಡಿ, ಮತ್ತೆ ಇಡುವುದು ಸಾಧ್ಯವಾಯಿತು. ತುಡುವೆ ಯುರೋಪಿನ ಜೇನಿಗಿಂತ ಚಿಕ್ಕದು. ಅದಕ್ಕೆ ತಕ್ಕ ಸಣ್ಣ ಪೆಟ್ಟಿಗೆಯನ್ನು 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ರೂಪಿಸಿದರು. ದಕ್ಷಿಣ ಭಾರತದ ಸಾಕಣೆದಾರರ ಬಾಯಲ್ಲಿ ಅದಿಂದಿಗೂ ‘ನ್ಯೂಟನ್ ಪೆಟ್ಟಿಗೆ’.

ಕರ್ನಾಟಕದಲ್ಲಿ ಇದು ಬೇರೂರಿದ್ದು ಕಾಡಿನ ಮಗ್ಗುಲಲ್ಲಿ. ಕೊಡಗಿನ ವಿರಾಜಪೇಟೆಯಲ್ಲಿ 1936ರಲ್ಲೇ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಭಾಗಮಂಡಲ ಜೇನು ತರಬೇತಿಗೆ ಹೆಸರಾಯಿತು, ಪುತ್ತೂರಿನಲ್ಲಿಯೂ ಸಹಕಾರ ಸಂಘ ನಡೆಯಿತು. ಒಂದಲ್ಲ ಒಂದು ಮರ ಹೂಬಿಡುತ್ತಲೇ ಇರುವ ಸೀಮೆಯಲ್ಲಿ ಪೆಟ್ಟಿಗೆ ಇಟ್ಟವರಿಗೆ ತುಪ್ಪ ಸಿಗುತ್ತಿತ್ತು.

1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಈ ಕಸುಬಿನ ಬುಡ ಅಲ್ಲಾಡಿಸಿತು. ರೋಗ ತಗುಲಿದ ಮರಿಹುಳ ಗೂಡಿನ ಬಾಯಿಗೆ ತಲೆ ಎತ್ತಿಕೊಂಡೇ ಸಾಯುತ್ತದೆ. ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲ ಬರುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಸಾಕಿದ ತುಡುವೆ ಸಂಸಾರಗಳಲ್ಲಿ ಹೆಚ್ಚಿನವು ನೆಲಕಚ್ಚಿದವು. ತೆರವಾದ ಜಾಗಕ್ಕೆ ಬಂದದ್ದು ಮೆಲ್ಲಿಫೆರಾ. 1962ರಲ್ಲಿ ಅಂದಿನ ಪಂಜಾಬಿನ ಕಾಂಗ್ಡಾ ಸೀಮೆಯ ನಗ್ರೋಟಾದಲ್ಲಿ ನೆಲೆಗೊಳಿಸಿದ ಯುರೋಪಿನ ಜೇನು ಅದು. ತುಡುವೆಗಿಂತ ಹಲವು ಪಟ್ಟು ತುಪ್ಪ ಕೊಡುತ್ತದೆ. ಆದರೆ ಹೊಟ್ಟೆಬಾಕ, ಹೂವು ಇರುವಲ್ಲಿಗೆ ಲಾರಿಯಲ್ಲಿ ಹೊತ್ತೊಯ್ಯಬೇಕು. ಬಯಲುಸೀಮೆಗೆ ಹೊಂದಿದ್ದು ಈ ಅಲೆಮಾರಿ ಸಾಕಣೆಯೇ. ಸೋವಿಯತ್ ತಳಿಗಳೊಂದಿಗೆ 1970ರ ದಶಕದಿಂದ ಕರಿಮಣ್ಣಿನಲ್ಲಿ ಹರಡಿದ ಸೂರ್ಯಕಾಂತಿ ಅದಕ್ಕೆ ಮೇವಾಯಿತು. ಜೇನು ಬರದಿದ್ದರೆ ಸೂರ್ಯಕಾಂತಿ ತೆನೆಯಲ್ಲಿ ಜಳ್ಳು ಹೆಚ್ಚು, ಹೀಗಾಗಿ ಹೊಲದವರಿಗೂ ಲಾಭವಿತ್ತು.

ಈ ಐದು ತಾಲ್ಲೂಕುಗಳ ಹಸಿರನ್ನು ಕಂಡು ಲೆಕ್ಕ ಹಾಕಿದರೆ ಮೋಸ ಹೋಗಬೇಕಾಗುತ್ತದೆ. ಮೆಕ್ಕೆಜೋಳ ಎಕರೆಗಟ್ಟಲೆ ನಿಂತಿದ್ದರೂ ಪರಾಗವಷ್ಟೇ ಸಿಗುತ್ತದೆ, ಮಕರಂದ ಸೊನ್ನೆ. ಭೌಗೋಳಿಕ ಗುರುತು ಪಡೆದ ಹಡಗಲಿ ಮಲ್ಲಿಗೆಯಿಂದಲೂ ಜೇನಿಗೆ ಪ್ರಯೋಜನವಿಲ್ಲ. ಅರಳುವ ಮೊದಲೇ ಮೊಗ್ಗು ಬಿಡಿಸಿ ಸಂತೆಗೆ ಕಳಿಸುತ್ತಾರೆ. ಜೇನನ್ನು ನಿಜಕ್ಕೂ ಸಾಕುವವು ಬೇವು, ಹೊಂಗೆ, ಹುಣಸೆ, ಎಲ್ಲರೂ ಶಪಿಸುವ ಬಳ್ಳಾರಿ ಜಾಲಿ, ಮತ್ತೆ ಬೀಜಕ್ಕೆ ಬಿಟ್ಟ ಈರುಳ್ಳಿ. ಬೇಸಿಗೆಯ ಹೊಂಗೆಗೂ ಮಳೆಗಾಲದ ಸೂರ್ಯಕಾಂತಿಗೂ ನಡುವೆ ಹಸಿವಿನ ದಿನಗಳಿರುತ್ತವೆ.

ಆ ದಿನಗಳನ್ನು ದಾಟಿಸುವುದೇ ಕಸುಬು. ಹಿತ್ತಿಲಲ್ಲಿ ಪೆಟ್ಟಿಗೆ ಇಟ್ಟು ಮರೆತವರ ಸಂಸಾರ ಹಾರಿಹೋಗುತ್ತದೆ, ಇಲ್ಲವೇ ಮೇಣದ ಹುಳುವಿಗೆ ಎರೆಯಾಗುತ್ತದೆ. ನುರಿತವರು ವಾರ ಹತ್ತು ದಿನಕ್ಕೊಮ್ಮೆ ಮುಚ್ಚಳ ತೆಗೆಯುತ್ತಾರೆ. ಮೊದಲು ಹುಡುಕುವುದು ಮೊಟ್ಟೆಯನ್ನು; ಅದು ಕಂಡರೆ ರಾಣಿ ಇತ್ತೀಚಿನವರೆಗೂ ಇದ್ದಳೆಂದು ಖಾತ್ರಿ. ಸ್ಟ್ಯಾಂಡಿನ ಕಾಲಿಗೆ ಇರುವೆ ತಡೆಯಲು ನೀರಿನ ಬಟ್ಟಲು, ಬಿಸಿಲಿಗೆ ನೆರಳು, ಹೂವಿಲ್ಲದಾಗ ಸಕ್ಕರೆ ಪಾಕ. ಇಷ್ಟು ಆರೈಕೆಗೆ ಪ್ರತಿ ಮನೆಗೂ ಪುರುಸೊತ್ತು ಇರುವುದಿಲ್ಲ. ಜಾಗ ಮನೆಯವರದು, ನಿಗಾ ತರಬೇತಾದ ಸಾಕಣೆದಾರರದು, ತುಪ್ಪ ಇಬ್ಬರಿಗೂ ಎಂಬ ಒಪ್ಪಂದವೇ ಈ ಒಣಸೀಮೆಗೆ ವಾಸಿ. ಕಸುಬಾಗಿ ಬೆಳೆಸಿದರೆ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಶಿರಸಿಯ ಮಧುಕೇಶ್ವರ ಹೆಗಡೆ ಉದಾಹರಣೆ. 50 ಪೆಟ್ಟಿಗೆಗಳ ಸಹಾಯಧನದಿಂದ ಹೊರಟು 800ಕ್ಕೂ ಹೆಚ್ಚು ಸಂಸಾರ ನೋಡಿಕೊಳ್ಳುವವರೆಗೆ ಬಂದ ಅವರನ್ನು ಪ್ರಧಾನಿ 2022ರ ಜುಲೈನ ‘ಮನ್ ಕಿ ಬಾತ್’ನಲ್ಲಿ ಹೆಸರಿಸಿದ್ದರು. ದಾಳಿಂಬೆ ತೋಟದ ಪಕ್ಕ ಪೆಟ್ಟಿಗೆ ಇಡುವವರು ಮಾತ್ರ ಔಷಧಿ ಹೊಡೆಯುವ ದಿನವನ್ನು ತೋಟದವರಿಂದ ಮುಂಚೆಯೇ ಕೇಳಿಕೊಳ್ಳಬೇಕು. ಹೂವಿನ ಮೇಲೆ ಬೆಳಗ್ಗೆ ಬಿದ್ದ ಕೀಟನಾಶಕ ಸಂಜೆಯೊಳಗೆ ಪೆಟ್ಟಿಗೆ ಖಾಲಿ ಮಾಡಬಲ್ಲದು.

ಹಸಿ ಜೇನು ಅಂದರೆ ಕಾಯಿಸದ ತುಪ್ಪ. ಎರಿಯ ಮುಕ್ಕಾಲು ಭಾಗಕ್ಕೆ ಹುಳಗಳೇ ಮೇಣದ ಮುಚ್ಚಳ ಹಾಕಿದ ಮೇಲೆ ತೆಗೆದರೆ ಅದು ಪಕ್ವವಾಗಿರುತ್ತದೆ. ಭಾರತೀಯ ಆಹಾರ ಸುರಕ್ಷತಾ ನಿಯಮದ ಪ್ರಕಾರ ನೀರಿನಂಶ ಶೇ 20 ಮೀರುವಂತಿಲ್ಲ. ಮುಚ್ಚಳವನ್ನು ಚಾಕುವಿನಿಂದ ಹೆರೆದು, ಯಂತ್ರದಲ್ಲಿ ತಿರುಗಿಸಿ, ಬರಿದಾದ ಎರಿಯನ್ನು ಹುಳಗಳಿಗೆ ವಾಪಸು ಕೊಡುತ್ತಾರೆ. ಸೂರ್ಯಕಾಂತಿಯ ತುಪ್ಪದಲ್ಲಿ ಗ್ಲೂಕೋಸ್ ಹೆಚ್ಚು, ಬೇಗ ಹರಳುಗಟ್ಟುತ್ತದೆ. ಸಕ್ಕರೆ ಬೆರೆಸಿದ್ದಾರೆಂದು ಅದನ್ನು ವಾಪಸು ಮಾಡುವ ಗಿರಾಕಿಗಳೇ ಹೆಚ್ಚು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ, ಒಲೆಯ ಮೇಲಿಡಬಾರದು. ಹಸುಗೂಸಿಗೆ ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿದೆ. ಎಷ್ಟೇ ಶುದ್ಧ ಜೇನಿನಲ್ಲೂ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ವರ್ಷ ತುಂಬದ ಮಗುವಿಗೆ ಒಂದು ಹನಿಯೂ ಕೊಡಬೇಡಿ.