ಕಾರ್ಡಿಗನ್ ಊರಿನ ನೀಲಿ ಷರಾಯಿ

ಜೀನ್ಸ್ ಎಂಬ ದಪ್ಪ ನೀಲಿ ಷರಾಯಿಯು ಹೊಕ್ಕದ ಮನೆ ಈಗ ನಮ್ಮಲ್ಲಿ ವಿರಳ. ಅದನ್ನು ಚೆನ್ನಾಗಿ ಮಾಡತಕ್ಕ ಬಗೆಯನ್ನು ಬ್ರಿಟನ್ನಿನ ವೇಲ್ಸ್ ಪ್ರಾಂತದ ಕಾರ್ಡಿಗನ್ ಎಂಬ ಊರಿನ ವೃತ್ತಾಂತದೊಡನೆ ವಾಚಕರಿಗೆ ತಿಳಿಸುವೆವು.

ಸುಮಾರು ನಾಲ್ಕು ಸಾವಿರ ಜನರ ಆ ಊರಿನ ಒಂದು ಕಾರ್ಖಾನೆಯಲ್ಲಿ ಹಿಂದೆ ವಾರಕ್ಕೆ 35,000 ಜೀನ್ಸುಗಳು ಸಿದ್ಧವಾಗುತ್ತಿದ್ದುವು. ಕೂಲಿ ಅಗ್ಗವಾದ ದೇಶಕ್ಕೆ ಕೆಲಸವು ಹೋದುದರಿಂದ 2002ರಲ್ಲಿ ಅದು ಮುಚ್ಚಿತು. ಸುಮಾರು 400 ಮಂದಿಯ ಜೀವನೋಪಾಯವು ತಪ್ಪಿತು. ಯಂತ್ರಗಳನ್ನು ಸಾಗಿಸಬಹುದು, ಕತ್ತರಿ ಹಿಡಿದು ಹತ್ತಾರು ವರ್ಷ ಪಳಗಿದ ಕೈಗಳನ್ನು ಸಾಗಿಸುವುದೆಂತು? ಅವು ಊರಿನಲ್ಲಿಯೇ ಬರಿದೆ ಉಳಿದುವು. ಆ ಕೈಗಳನ್ನು ನಂಬಿಯೇ ಡೇವಿಡ್ ಹಯಟ್ ಹಾಗೂ ಅವರ ಪತ್ನಿ ಕ್ಲೇರ್ ಎಂಬವರು 2012ರ ಸುಮಾರಿಗೆ ‘ಹಯೂಟ್ ಡೆನಿಮ್’ ಎಂಬ ಚಿಕ್ಕ ಸಂಸ್ಥೆಯನ್ನು ನಡೆಸತೊಡಗಿದರು.

ಡೆನಿಮ್ ಬಟ್ಟೆಯ ಮರ್ಮವೆಲ್ಲ ನೂಲಿನಲ್ಲಿದೆ. ಹಾಸಿನ ಎಳೆಗಳಿಗೆ ಮಾತ್ರ ನೀಲಿ ಬಣ್ಣ, ಹೊಕ್ಕಿನವು ಬಿಳಿಯವು. ಒಳಮೈ ಬೆಳ್ಳಗಿರುವುದು ಇದರಿಂದಲೇ. ಹಾಸಿನ ಎಳೆಗಳನ್ನು ನೀಲಿಯ ತೊಟ್ಟಿಯಲ್ಲಿ ಅದ್ದಿ, ಗಾಳಿಗೆ ಹಿಡಿದು, ಮತ್ತೆ ಮತ್ತೆ ಅದ್ದುವರು. ಹಳದಿ ಬೆರೆತ ಹಸುರಾಗಿ ಮೇಲೆದ್ದ ನೂಲು ಗಾಳಿ ಸೋಂಕಿದೊಡನೆ ನೀಲಿಗೆ ತಿರುಗುವುದು. ಬಣ್ಣವು ಎಳೆಯ ಹೊರಮೈಗೆ ಹತ್ತುವುದೇ ಹೊರತು ತಿರುಳಿಗೆ ಇಳಿಯದು. ಆದುದರಿಂದ ತೊಟ್ಟಂತೆಲ್ಲ ಮೊಳಕಾಲಿನಲ್ಲಿಯೂ ಜೇಬಿನ ಅಂಚಿನಲ್ಲಿಯೂ ಬಿಳುಪೇರುವುದು. ಹಳೆಯ ಲಾಳಿ ಮಗ್ಗದಲ್ಲಿ ನೇಯ್ದ ಬಟ್ಟೆಯ ಅಂಚಿನ ಎಳೆಯು ಬಿಚ್ಚಿಕೊಳ್ಳದು. ಅಗಲ ಕಡಮೆ, ಬೆಲೆ ಹೆಚ್ಚು. ಹಯೂಟಿನವರು ಅಂತಹದನ್ನು ಜಪಾನಿನಿಂದ ತರಿಸಿದರು.

ಷರಾಯಿಯ ನಮೂನೆಯನ್ನು ಬರೆಯುವವನು ಬಟ್ಟೆಯು ಎಷ್ಟು ಕುಗ್ಗುವುದೆಂದು ಮೊದಲೇ ಅರಿತಿರಬೇಕು. ಮುಂಚಿತವಾಗಿ ಕುಗ್ಗಿಸದ ಡೆನಿಮ್ ಮೊದಲ ನೀರಿನಲ್ಲಿ ನೂರಕ್ಕೆ ಹತ್ತರವರೆಗೂ ಕುಗ್ಗೀತು. ಎಂದರೆ 32 ಅಂಗುಲದ ಕಾಲಿನಲ್ಲಿ ಮೂರು ಅಂಗುಲ! ಕತ್ತರಿಸಿ ಹೊಲಿದ ಮೇಲೆ ಜೇಬಿನ ಮೂಲೆಗಳಿಗೆ ಲೋಹದ ರಿವೆಟ್ಟು. ಇದು ಜೇಕಬ್ ಡೇವಿಸ್ ಎಂಬ ದರ್ಜಿಯ ಉಪಾಯ. ಲೀವೈ ಸ್ಟ್ರಾಸರೊಡಗೂಡಿ ಆತನು 1873ರಲ್ಲಿ ಅಮೆರಿಕದಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು.

ಕಾರ್ಡಿಗನ್ನಿನಲ್ಲಿ ಹೊಲಿದವರು ಚಿತ್ರಕಾರರಂತೆ ಷರಾಯಿಯ ಒಳಗೆ ರುಜು ಹಾಕುತ್ತಿದ್ದರು. ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಈ ಪದ್ಧತಿಯೇ. ಆರು ತಿಂಗಳು ಒಗೆಯದೆ ತೊಡಿರೆಂಬ ಅವರ ಸಲಹೆಯನ್ನಂತೂ ನಮ್ಮ ಗೃಹಿಣಿಯರು ಒಪ್ಪಲಾರರು. ನಮ್ಮ ಸೆಕೆಗೆ ಅದು ಸಲ್ಲದು. ಬೆಲೆಯೂ ಪೇಟೆಯ ಅಗ್ಗದ ಷರಾಯಿಗಿಂತ ಹಲವು ಮಡಿ. ಆದರೂ 2018ರ ಜನವರಿಯಲ್ಲಿ ಮೇಗನ್ ಮಾರ್ಕೆಲ್ ಅದನ್ನು ಧರಿಸಿ ಕಾರ್ಡಿಫ್ ನಗರಕ್ಕೆ ಬಂದ ಬಳಿಕ ಕೊಳ್ಳುವವರು ತಿಂಗಳುಗಟ್ಟಲೆ ಕಾಯಬೇಕಾಯಿತು. ಹರಿದುದನ್ನು ಕಳುಹಿಸಿದವರಿಗೆ ಬಿಡಿಕಾಸೂ ಕೇಳದೆ ಅವರು ಹೊಲಿದುಕೊಡುತ್ತಿದ್ದರು.