ನಿಮಗಿದು ಗೊತ್ತೆ? ಲಾಂಛನದ ತೋಪು, ಕಮಲಾಪುರದ ಬಾಳೆ

ಫುಟ್‌ಬಾಲ್ ಕ್ಲಬ್ಬಿನ ಲಾಂಛನದಲ್ಲಿ ಊರಿನ ಶೌರ್ಯಕ್ಕಿಂತ ಊರಿನ ದುಡಿಮೆಯೇ ಹೆಚ್ಚು ಮಾತಾಡುತ್ತದೆ. ಲಂಡನ್ನಿನ ಆರ್ಸೆನಲ್‌ನ ತೋಪನ್ನೇ ನೋಡಿ. 1886ರಲ್ಲಿ ಆ ತಂಡ ಕಟ್ಟಿದವರು ವುಲಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರು. ಮೊದಲ ಲಾಂಛನದಲ್ಲಿ ಮೂರು ತೋಪುಗಳು ನೆಟ್ಟಗೆ ನಿಂತಿದ್ದವು. ಒಂದೊಂದರ ಮೇಲೂ ಇರುವ ಸಿಂಹದ ತಲೆ ಕಣ್ಣಿಗೆ ಬೀಳದಿದ್ದರೆ ಕಾರ್ಖಾನೆಯ ಚಿಮಣಿ ಎಂದೇ ಮೋಸಹೋಗಬೇಕು. 1913ರಲ್ಲಿ ಕ್ಲಬ್ ಹೈಬರಿಗೆ ಗುಳೆ ಎದ್ದಿತಲ್ಲ, ಅಲ್ಲಿ ತೋಪಿಗೇನು ಕೆಲಸ ಎನ್ನಬಹುದು. ಊರು ಬಿಟ್ಟವರಿಗೇ ಅಲ್ಲವೆ ಊರಿನ ಗುರುತು ಬೇಕಾಗುವುದು?

ಇದೇ ಅಳತೆಗೋಲು ಹಿಡಿದರೆ ಕಲಬುರಗಿ ಸೀಮೆಯ ತಂಡಕ್ಕೆ ಯಾವ ಚಿಹ್ನೆ ಒಪ್ಪೀತು? ಕೋಟೆಯ ಮೇಲಿನ, 29 ಅಡಿ ಉದ್ದವೆನ್ನುವ ಬಾರಾ ಗಜಿ ತೋಪು ಥಟ್ಟನೆ ನೆನಪಾಗುತ್ತದೆ. ಆದರೆ ಅದು ಅರಸೊತ್ತಿಗೆಯ ಕಾವಲಿಗಿದ್ದದ್ದು. ರೈತರ ಬೆವರು ಇರುವುದು ಜಿಐ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯಲ್ಲಿ. ಎದೆಯ ಮೇಲೆ ಬಾಳೆಹಣ್ಣು ಕಂಡರೆ ಎದುರಾಳಿ ನಗುವುದಿಲ್ಲವೆ? ಇಂಗ್ಲೆಂಡಿನ ನಾರ್ವಿಚ್ ಸಿಟಿಯವರು ಅದೇ ಜಾಗದಲ್ಲಿ ಪುಟ್ಟ ಕ್ಯಾನರಿ ಹಕ್ಕಿಯನ್ನು ಹೊತ್ತಿದ್ದಾರೆ. ವಲಸೆ ಬಂದ ನೇಕಾರರು ಮನೆಯಲ್ಲಿ ಸಾಕುತ್ತಿದ್ದ ಹಕ್ಕಿ ಅದು. ಬಾಳೆಯದಂತೂ ಇನ್ನೂ ಸಲೀಸು: ಕಡುಗೆಂಪು ಸಿಪ್ಪೆ, ಒಳಗೆ ಕೆನೆಬಣ್ಣದ ತಿರುಳು, ಜೆರ್ಸಿಗೆ ಎರಡು ಬಣ್ಣವೂ ಸಿದ್ಧ.